ಬಾರಾಮತಿಯಲ್ಲಿ ಬಿಟ್ಟ ಚೆಂಡು

ಕಬ್ಬು ನುರಿಸುವ ಹಂಗಾಮಿನಲ್ಲಿ ಬಾರಾಮತಿಗೆ ಹೋಗುವವರಿಗೆ ಸಕ್ಕರೆ ಕಾರ್ಖಾನೆ ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಮೂಗಿಗೆ ಸಿಗುತ್ತದೆ. ಕಾಕಂಬಿಯ ವಾಸನೆ. ಸಕ್ಕರೆಯೆಲ್ಲ ತೆಗೆದಾದ ಮೇಲೆ ಉಳಿಯುವ ಆ ಕಪ್ಪು ಪಾಕಕ್ಕೆ ಅರ್ಧ ಬೆಲ್ಲದ, ಅರ್ಧ ಹುಳಿಬಂದ ಹಿಟ್ಟಿನ ವಾಸನೆ. ಕೆಲವರಿಗೆ ಬಾಯಲ್ಲಿ ನೀರು ಬರುತ್ತದೆ. ನನಗೆ ಸಿಟ್ಟು ಬರುತ್ತದೆ. ನಮ್ಮದು ಪುಣೆಯ ಪೇಟೆಯಲ್ಲಿ ಪಂಪು, ಪೈಪುಗಳ ಅಂಗಡಿ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಕಬ್ಬಿನವರು, ಹೀಗಾಗಿ ಆ ದಾರಿ ತಪ್ಪಿಸಿ ಬದುಕುವ ಹಾಗಿಲ್ಲ. ಕಳೆದ ತಿಂಗಳೂ ಹೋಗಿದ್ದೆ. ವಾಸನೆ ಬಂದ ಕೂಡಲೇ ಕಾರಿನ ಗಾಜು ಏರಿಸಿದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಶೈಲಾ, “ಇಷ್ಟ ಛಲೋ ವಾಸನಿ ಬರ್ಲಿಕ್ಕತ್ತದ, ಗಾಜ ಯಾಕ ಏರಿಸ್ತೀರಿ?” ಎಂದಳು. “ಧೂಳು” ಎಂದೆ. ಅವಳನ್ನು ಮದುವೆಯಾಗುವ ಹೊತ್ತಿಗೆ ನಾನು ಪೂರಾ ಅಂಗಡಿಯವನಾಗಿಬಿಟ್ಟಿದ್ದೆ, ಅವಳಿಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು.

ಆ ವಾಸನೆ ನನ್ನ ಮಟ್ಟಿಗೆ ಒಂದೇ ಒಂದು ಚಳಿಗಾಲಕ್ಕೆ ಸೇರಿದ್ದು. ಆ ಚಳಿಗಾಲದಲ್ಲಿ ನಾನು ಫುಟ್‌ಬಾಲ್ ಆಟಗಾರನಾಗಿದ್ದೆ. ಇದನ್ನು ಒತ್ತಿ ಹೇಳಬೇಕಾಗುತ್ತದೆ, ಗಲ್ಲಾದ ಹಿಂದಿನ ನನ್ನ ಹೊಟ್ಟೆ ನೋಡಿದವರು ಈಗ ನಂಬುವುದಿಲ್ಲ. ಬಲಗಡೆಯ ವಿಂಗರ್ ನಾನು. ಕಾಲಲ್ಲಿ ಓಟವಿತ್ತು, ಎರಡೂ ಪಾದದಿಂದ ಹೊಡೆಯುತ್ತಿದ್ದೆ, ಪುಣೆಯ ಸ್ಥಳೀಯ ಲೀಗಿನಲ್ಲಿ ನಾಲ್ಕು ಜನ ಹೆಸರು ಹೇಳುವಷ್ಟು ಆಡುತ್ತಿದ್ದೆ. ಅಪ್ಪನಿಗೆ ಈ ಹೆಸರು ಸಾಲುತ್ತಿರಲಿಲ್ಲ. ವಿಜಯಪುರದ ಕಡೆಯಿಂದ ಬಂದು ಗುಮಾಸ್ತನಾಗಿ ಶುರು ಮಾಡಿ ಸ್ವಂತ ಅಂಗಡಿ ಕಟ್ಟಿದ ಮನುಷ್ಯ. ಗಣಪತಿ ಹಬ್ಬ ಮುಗಿದ ಮರುದಿನ ಕೋಥರೂಡದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ತೀರ್ಪು ಕೊಟ್ಟಿದ್ದರು.

“ಈ ಹಂಗಾಮ ಆಡು. ಯಾವುದರ ದೊಡ್ಡ ಕ್ಲಬ್ಬಿನವ್ರು ನಿನ್ನ ತೊಗೊಂಡ್ರ ಭಾಳ ಛಲೋ ಆತು, ನಾ ಅಡ್ಡ ಬರೂದಿಲ್ಲ. ಇಲ್ಲಂದ್ರ ಬ್ಯಾಸಗಿಯಿಂದ ಅಂಗಡಿ. ಆಮ್ಯಾಲ ಮಾರಿ ಸಣ್ಣ ಮಾಡ್ಕೊಂಡು ಕೂಡಬಾರದು.”

ನ್ಯಾಯವಾಗಿಯೇ ಇತ್ತು. ನಾನು ಒಪ್ಪಿದೆ.

ಅದೇ ಹಂಗಾಮಿನಲ್ಲಿ ಅಡಿಲ್ಸನ್ ಬಂದ. ಬ್ರೆಝಿಲ್‌ನ ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ಯಾವನೋ ಏಜೆಂಟ್ ದೊಡ್ಡ ಲೀಗಿನಲ್ಲಿ ಆಡಿಸುತ್ತೇನೆ ಎಂದು ಕರೆತಂದಿದ್ದ. ದೊಡ್ಡ ಕ್ಲಬ್ಬಿನವರು ಕೊನೆಯ ಗಳಿಗೆಯಲ್ಲಿ ಬೇಡವೆಂದರು. ವೀಸಾ ಮುಗಿಯುವ ತನಕ ಎಲ್ಲಾದರೂ ಆಡಲಿ ಎಂದು ಅವನನ್ನು ತಂದು ನಮ್ಮಲ್ಲಿ ಬಿಟ್ಟರು. ನಮ್ಮದೇನು ಕ್ಲಬ್ಬು! ಕಾತ್ರಜದಲ್ಲಿ ಹೈವೇ ಪಕ್ಕದ ಒಂದು ಗಟ್ಟಿ ನೆಲದ ಮೈದಾನ, ಬಟ್ಟೆ ಬದಲಿಸಲು ಒಂದು ತಗಡಿನ ಕೋಣೆ. ಚೆಂಡು ಗಡಿ ದಾಟಿ ರಸ್ತೆಗೆ ಹೋದರೆ ಸಾತಾರಾ ಕಡೆಗೆ ಹೋಗುವ ಬಸ್ಸುಗಳನ್ನು ನೋಡಿಕೊಂಡು ತರಬೇಕು. ಕೋಚ್ ಶಿಂದೆ ಸರ್ ನಿವೃತ್ತ ಆಟಗಾರರು, ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಕೆಟ್ಟದ್ದು. ಮೊದಲ ದಿನ ಅಡಿಲ್ಸನ್ ಚಳಿಗೆ ಒಂದರ ಮೇಲೊಂದು ಟೀ ಶರ್ಟ್ ಹಾಕಿಕೊಂಡು ಬಂದ, ಆ ಕಲ್ಲಿನಂಥ ನೆಲದ ಮೇಲೆ ಚೆಂಡು ಪುಟಿದು ಅವನ ಮೊಣಕಾಲಿಗೆ ಬಡಿಯಿತು, ಎರಡು ಸಲ ಜಾರಿ ಬಿದ್ದ. ಶಿಂದೆ ಸರ್ ಮರಾಠಿಯಲ್ಲಿ, “ಇವನ ಪಾಸ್‌ಪೋರ್ಟ್ ಸರಿಯಾಗಿ ನೋಡಿದ್ದೀರಾ? ಬ್ರೆಝಿಲ್ ಅಂತ ಯಾವುದಾದರೂ ಬೇರೆ ಊರಿದೆಯೇನೋ” ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ನಗು ಬಹಳ ದಿನ ಉಳಿಯಲಿಲ್ಲ. ನೆಲದ ಗುಣ ತಿಳಿದ ಮೇಲೆ ಹುಡುಗ ಬೇರೆಯೇ ಆದ. ಅವನಿಗೆ ವಿಶೇಷ ಓಟವಿರಲಿಲ್ಲ. ಎತ್ತರವೂ ಇರಲಿಲ್ಲ. ಆದರೆ ಮೈದಾನದಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಎಲ್ಲಿ ಜಾಗ ಖಾಲಿಯಾಗುತ್ತದೆ ಎಂದು ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ಅಲ್ಲಿ ಹೋಗಿ ನಿಂತಿರುತ್ತಿದ್ದ, ಚೆಂಡು ತಾನಾಗಿ ಬರುತ್ತಿತ್ತು. ಅವನ ಪಕ್ಕದಲ್ಲಿ ಆಡುವವನ ಆಟವೂ ಮೇಲೇರುತ್ತಿತ್ತು. ನನ್ನ ಆಟ ಹಾಗೆ ಮೇಲೇರಿದ್ದು ಸುಳ್ಳಲ್ಲ.

ಊಟದ್ದು ಅವನಿಗೆ ಮೊದಲ ತೊಂದರೆ. ಮೆಸ್ಸಿನ ಖಾರದ ಮಿಸಳ್ ತಿಂದು ವಾರಗಟ್ಟಲೆ ಹೊಟ್ಟೆ ಹಿಡಿದುಕೊಂಡು ಕೂತ. ಒಂದು ಭಾನುವಾರ ಪಾಪ ಅನ್ನಿಸಿ ಮನೆಗೆ ಕರೆದೊಯ್ದೆ. ಅವ್ವ ಅಂದು ಅನ್ನ, ಅಲಸಂದಿ ಕಾಳಿನ ಪಲ್ಯ ಮಾಡಿದ್ದಳು. ತಾಟು ನೋಡಿದವನೇ ಅವನು ಜೇಬಿನಿಂದ ಫೋನು ತೆಗೆದ. ಅನುವಾದ ಮಾಡಿ ತೋರಿಸಿದ: ನಮ್ಮ ಮನೆಯಲ್ಲೂ ದಿನಾ ಇದೇ, ಕಾಳು ಮತ್ತು ಅನ್ನ. ಅವ್ವನಿಗೆ ಅಷ್ಟು ಸಾಕಾಯಿತು. “ಅಯ್ಯ, ನಮ್ಮವನಽ ಅದಾನ ತೊಗೊ” ಎಂದಳು. ಆಮೇಲೆ ಅವನು ನಮ್ಮ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ರುಚಿ ಕಂಡ. ಅನ್ನ, ರೊಟ್ಟಿ, ಬಾಳೆಹಣ್ಣು, ಯಾವುದನ್ನೂ ಬಿಡದೆ ಎಲ್ಲದರ ಮೇಲೂ ಉದುರಿಸಿಕೊಂಡು ತಿನ್ನುತ್ತಿದ್ದ. ಭಾನುವಾರ ಹೋಗಿ ವಾರದಲ್ಲಿ ನಾಲ್ಕು ದಿನ ಆಯಿತು. ಅಡಿಲ್ಸನ್ ಎಂಬ ಹೆಸರು ಅವ್ವನ ನಾಲಿಗೆಗೆ ಹತ್ತಲಿಲ್ಲ. ಅವಳ ತವರಿನಲ್ಲಿ ಅಡಿವೆಪ್ಪ ಎಂಬ ಚಿಕ್ಕಪ್ಪನಿದ್ದ. ಇವನೂ ಅಡಿವೆಪ್ಪನಾದ.

ಅವನ ಮೊದಲ ಕನ್ನಡ ಮಾತುಗಳು ‘ಬೇಕು’ ಮತ್ತು ‘ಸಾಕು’. ಅವ್ವ ಬಡಿಸುತ್ತ ಕಲಿಸಿದ್ದು. ‘ಸಾಕು’ ಅವನು ಅಪರೂಪಕ್ಕೆ ಬಳಸುತ್ತಿದ್ದ. ಅವಳನ್ನು ನನ್ನ ಹಾಗೆಯೇ ಅವ್ವ ಎಂದು ಕರೆಯತೊಡಗಿದ, ಕೊನೆಯ ಅಕ್ಷರ ಮಾತ್ರ ಸ್ವಲ್ಪ ಸೊಟ್ಟಗೆ, ಅವ್ವೊ ಎಂದಂತೆ. ಅವ್ವ ಹಿಗ್ಗಿ ಹೋದಳು. ಪರದೇಶದ ಹುಡುಗ ಬಾಯಿ ತುಂಬ ತಾಯಿ ಅನ್ನುತ್ತಾನೆ ಎಂದು ಸೊಸೈಟಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು. ಅವರ ಭಾಷೆಯಲ್ಲಿ ಹಾಗಂದರೆ ಅಜ್ಜಿ ಎಂದು ಎಷ್ಟೋ ದಿನಗಳ ಮೇಲೆ ಬಯಲಾಯಿತು. “ನಾ ಏನ ಅಷ್ಟ ಮುದಕಿ ಕಾಣ್ತೀನೇನೋ ಇವಂಗ?” ಎಂದು ಒಂದಿಡೀ ದಿನ ಮುನಿಸಿಕೊಂಡಳು. ಮರುದಿನ ಅವನಿಗೆ ಹೋಳಿಗೆ ಮಾಡಿ ಹಾಕಿದಳು.

ಅಪ್ಪನ ಪ್ರೀತಿಯ ದಾರಿ ಬೇರೆ. ಅಡಿಲ್ಸನ್ ಊರು ಕಬ್ಬಿನ ಸೀಮೆಯಲ್ಲಿದೆ, ಅವನ ಮಾವಂದಿರು ಕಬ್ಬು ಕಡಿಯುವವರು ಎಂದು ಗೊತ್ತಾದದ್ದೇ, ನನ್ನನ್ನು ಮಧ್ಯೆ ಕೂಡಿಸಿಕೊಂಡು ವಿಚಾರಣೆ ಶುರು ಮಾಡಿದರು. “ಎಕರೇಕ ಎಷ್ಟ ಟನ್ ತಗೀತಾರಂತ ಕೇಳು. ನೀರ ಹ್ಯಾಂಗ ಕೊಡ್ತಾರಂತ? ಡ್ರಿಪ್ ಅದ ಏನು?” ಪಾಪ, ಅವನಿಗೆ ಏನು ಗೊತ್ತು. ಏನೋ ಒಂದು ಅಂಕಿ ಹೇಳಿದ. ಅಪ್ಪ ಅದನ್ನು ಗಿರಾಕಿಗಳ ಮುಂದೆ ಹಂಗಾಮು ಪೂರ್ತಿ ಹೇಳಿದರು.

ಹೀಗೆ ಅವನು ನಮ್ಮವನಾಗುತ್ತಿದ್ದಾಗಲೇ ನನಗೊಂದು ಯೋಚನೆ ಬಂತು. ಆಡುವಾಗ ಜೇಬಿನಲ್ಲಿ ಫೋನಿರುವುದಿಲ್ಲ. ಅವನಿಗೆ ಇಂಗ್ಲಿಷ್ ಬಾರದು. ತಂಡದವರು ಕೂಗುವುದು ಮರಾಠಿ, ಹಿಂದಿಯಲ್ಲಿ, ಅದು ಎದುರಾಳಿಗಳಿಗೂ ತಿಳಿಯುತ್ತದೆ. ಅದರ ಮೇಲೆ ‘ಲೀವ್’ ಎಂದು ಕೂಗಿದರೆ ಎದುರಾಳಿಯ ದಾರಿ ತಪ್ಪಿಸಿದಿರಿ ಎಂದು ಕೆಲವು ರೆಫ್ರಿಗಳು ಸೀಟಿ ಊದುತ್ತಿದ್ದರು. ಕನ್ನಡದಲ್ಲಿ ಕೂಗಿದರೆ? ಪುಣೆಯಲ್ಲಿ ನಮಗೆ ಕನ್ನಡ ಹೊಸ್ತಿಲ ಒಳಗಿನ ಮಾತು. ಚಪ್ಪಲಿ ಮೆಟ್ಟಿ ಹೊರಬಿದ್ದರೆ ಮರಾಠಿ. ಹಾಗೆ ಮನೆಯೊಳಗೆ ಇಟ್ಟಿದ್ದ ಮಾತನ್ನು ನಾನು ಅವನಿಗಾಗಿ ಮೈದಾನಕ್ಕೆ ತಂದೆ. ಮೂರು ಮಾತು ಕಲಿಸಿದೆ. ‘ತಡಿ’ ಎಂದರೆ ಚೆಂಡು ಹಿಡಿದು ನಿಲ್ಲು. ‘ಹಿಂದ’ ಎಂದರೆ ನಿನ್ನ ಬೆನ್ನಿಗೆ ಒಬ್ಬ ಬಂದಿದ್ದಾನೆ. ‘ಬಿಡು’ ಎಂದರೆ ಚೆಂಡನ್ನು ಮುಟ್ಟದೆ ಹಾಗೇ ಹರಿಯಲು ಬಿಡು, ನಾನು ನಿನಗಿಂತ ಒಳ್ಳೆಯ ಜಾಗದಲ್ಲಿದ್ದೇನೆ.

ಮೂರರಲ್ಲಿ ‘ಬಿಡು’ ತುಂಬಾ ಗಂಭೀರವಾದದ್ದು. ಅದಕ್ಕೊಂದು ಕಟ್ಟಳೆ ಮಾಡಿಕೊಂಡಿದ್ದೆವು. ಕೇಳಿದವನು ತಿರುಗಿ ನೋಡಬಾರದು, ಯೋಚಿಸಬಾರದು. ತಿರುಗಿ ನೋಡಿದರೆ ಎದುರಾಳಿಗೆ ಗುಟ್ಟು ತಿಳಿಯುತ್ತದೆ, ಯೋಚಿಸಿದರೆ ಗಳಿಗೆ ತಪ್ಪುತ್ತದೆ. ಆದ್ದರಿಂದ ಕೂಗುವವನು ಸುಮ್ಮಸುಮ್ಮನೆ ಕೂಗಬಾರದು. ತನಗೆ ನಿಜಕ್ಕೂ ಅನುಕೂಲವಿದ್ದರೆ ಮಾತ್ರ. ಫೋನಿನಲ್ಲಿ ಬರೆದು ಬರೆದು ಅವನಿಗೆ ಇದನ್ನು ತಿಳಿಸಿದೆ. ಅವನು ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದ.

ಅದು ಹೇಗೆ ಕೆಲಸ ಮಾಡಿತು ಎನ್ನುತ್ತೀರಿ! ನವೆಂಬರ್, ಡಿಸೆಂಬರ್ ತುಂಬ ನಾವಿಬ್ಬರೂ ಪುಣೆಯ ತಂಡಗಳನ್ನು ಆಟ ಆಡಿಸಿದೆವು. ನಾನು ‘ಬಿಡು’ ಅಂದರೆ ಅವನು ಕಾಲು ಅಗಲಿಸಿ ಬಿಡುತ್ತಿದ್ದ, ರಕ್ಷಣೆಯವರು ಅವನ ಮೇಲೆ ಬಿದ್ದಿರುತ್ತಿದ್ದರು, ಚೆಂಡು ನನ್ನ ಕಾಲಿಗೆ ಬಂದಿರುತ್ತಿತ್ತು. ಅವನು ‘ಬಿಡು’ ಅಂದರೆ ನಾನು ಬಿಡುತ್ತಿದ್ದೆ. ಒಮ್ಮೆ ಮಾತ್ರ ಕೆಟ್ಟಿತು. ಸೋಲಾಪುರದ ತಂಡದ ಮೇಲೆ ಆಡುವಾಗ ನಾನು ‘ತಡಿ’ ಎಂದು ಕೂಗಿದೆ. ಅವರ ದಪ್ಪನೆಯ ಡಿಫೆಂಡರ್ ಒಬ್ಬ, “ಯಾಕ ತಡೀಬೇಕಲೇ?” ಎಂದು ಚೆಂಡು ಕಸಿದುಕೊಂಡು ಹೋದ. ಸೋಲಾಪುರದಲ್ಲಿ ಕನ್ನಡದವರಿಗೆ ಬರಗಾಲವಿಲ್ಲ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆಟ ಮುಗಿದ ಮೇಲೆ ಆ ಮನುಷ್ಯ ಅಡಿಲ್ಸನ್ ಬೆನ್ನು ತಟ್ಟಿ ಒಂದು ವಾಕ್ಯ ಕನ್ನಡ ಮಾತಾಡಿಸದೆ ಬಿಡಲಿಲ್ಲ. ಅಡಿಲ್ಸನ್, “ರೊಟ್ಟಿ ಬೇಕು” ಎಂದ.

ಜನವರಿಯಲ್ಲಿ ಬಾರಾಮತಿಯ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಮೈದಾನದಲ್ಲಿ ಆ ಹಂಗಾಮಿನ ನಾಕೌಟ್ ಪಂದ್ಯಾವಳಿಯ ಫೈನಲ್ ಇತ್ತು. ನಾವು ಅಲ್ಲಿಯ ತನಕ ಗೆದ್ದು ಬಂದಿದ್ದೆವು. ಫೈನಲ್ಲಿಗೆ ಹೊರಡುವ ಮೊದಲು ಶಿಂದೆ ಸರ್ ನನ್ನನ್ನು ಕಾತ್ರಜದ ತಗಡಿನ ಕೋಣೆಯ ಹಿಂದೆ ಕರೆದು ದನಿ ತಗ್ಗಿಸಿ ಹೇಳಿದರು. ದೊಡ್ಡ ಲೀಗಿನ ಒಂದು ಕ್ಲಬ್ಬಿಗೆ ಬಲಗಡೆ ಆಡುವ ಭಾರತದ ಹುಡುಗ ಬೇಕಾಗಿದ್ದಾನೆ, ಅವರ ಆಯ್ಕೆದಾರರು ಬಾರಾಮತಿಗೆ ಬರುತ್ತಾರೆ, ನಿನ್ನನ್ನೇ ನೋಡಲು. “ನೀನು ಒಂದು ಗೋಲು ಹೊಡೆ ಸಾಕು, ಉಳಿದದ್ದು ನನಗೆ ಬಿಡು. ಯಾರಿಗೂ ಹೇಳಬೇಡ.”

ನಾನು ಒಬ್ಬನಿಗೆ ಹೇಳಿದೆ. ಅಡಿಲ್ಸನ್‌ಗೆ ಹೇಳದೆ ಇನ್ನಾರಿಗೆ ಹೇಳಲಿ? ಅಪ್ಪ ಕೊಟ್ಟ ಗಡುವು, ಅಂಗಡಿ, ಈ ಆಯ್ಕೆದಾರರು, ಎಲ್ಲ ಅವನಿಗೆ ಗೊತ್ತಿತ್ತು. ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಅವನ ವೀಸಾ ಕೂಡ ಹಂಗಾಮಿನ ಜೊತೆಗೇ ಮುಗಿಯುವುದಿತ್ತು, ಅದು ನನಗೂ ಗೊತ್ತಿತ್ತು. ಆದರೆ ಅವರಿಗೆ ಬೇಕಾದದ್ದು ಭಾರತದ ಹುಡುಗ, ಇದರಲ್ಲಿ ಅವನಿಗೂ ನನಗೂ ಏನು ಪೈಪೋಟಿ ಎಂದುಕೊಂಡಿದ್ದೆ.

ಬಾರಾಮತಿಯಲ್ಲಿ ಟೆಂಪೊದಿಂದ ಇಳಿದ ಕೂಡಲೇ ಅಡಿಲ್ಸನ್ ಕಣ್ಣು ಮುಚ್ಚಿ ಮೂಗರಳಿಸಿ ನಿಂತ. ಕಾಕಂಬಿ. ಅವನ ಊರಲ್ಲೂ ಇದೇ ವಾಸನೆಯಂತೆ. “ಮನೆ” ಎಂದ, ಕನ್ನಡದಲ್ಲಿ. ಸುತ್ತ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಸಾಲು, ಚಿಮಣಿಯಿಂದ ಬಿಳಿ ಹೊಗೆ, ಮೈದಾನದ ತುಂಬ ಕಾರ್ಖಾನೆಯ ಕೆಲಸದವರು. ಆಯ್ಕೆದಾರರು ಟೋಪಿ ಹಾಕಿಕೊಂಡು ಶಾಮಿಯಾನದಲ್ಲಿ ಕೂತಿದ್ದರು. ನನ್ನ ಕಾಲು ಅಂದು ಹೇಳಿದ ಹಾಗೆ ಕೇಳುತ್ತಿತ್ತು. ಅವರ ಎಡಗಡೆಯ ಡಿಫೆಂಡರ್‌ನನ್ನು ನಾನು ಮತ್ತೆ ಮತ್ತೆ ಹಿಂದೆ ಹಾಕಿದೆ, ಶಾಮಿಯಾನದ ಕಡೆಯಿಂದ ಚಪ್ಪಾಳೆಯೂ ಕೇಳಿತು. ಗೋಲು ಮಾತ್ರ ಎರಡೂ ಕಡೆ ಆಗಲಿಲ್ಲ.

ಆಟ ಮುಗಿಯಲು ಬಂದಿತ್ತು. ನಮ್ಮವನೊಬ್ಬ ಎಡಗಡೆಯ ಗೆರೆಯವರೆಗೆ ಓಡಿ ಚೆಂಡನ್ನು ನೆಲಕ್ಕೆ ಹತ್ತಿಸಿ ಒಳಗೆ ಹೊಡೆದ. ನಾನು ಬಲಗಡೆಯಿಂದ ಪೆನಾಲ್ಟಿ ಗುರುತಿನ ಹತ್ತಿರ ಬಂದಿದ್ದೆ. ಗೋಲಿನ ಎಡ ಕಂಬದ ಮುಂದೆ ಜನ ಮುಗಿಬಿದ್ದಿದ್ದರು, ಅವರ ಸಂದಿಯಿಂದ ಚೆಂಡು ನನ್ನತ್ತಲೇ ಉರುಳಿ ಬಂತು. ಎಡಗಾಲು ಊರಿದೆ, ಬಲಗಾಲು ಹಿಂದಕ್ಕೆ ಎಳೆದೆ. ಕಣ್ಣು ಚೆಂಡಿನ ಮೇಲೆ. ಆಗ ನನ್ನ ಬಲಕ್ಕೆ, ಸ್ವಲ್ಪ ಹಿಂದಿನಿಂದ ಕೇಳಿತು.

“ಬಿಡು!”

ನಾನು ತಿರುಗಿ ನೋಡಲಿಲ್ಲ, ಯೋಚಿಸಲಿಲ್ಲ. ಕಾಲು ಎತ್ತಿದೆ. ಚೆಂಡು ನನ್ನ ಕೆಳಗಿನಿಂದ ಹಾದುಹೋಯಿತು. ಆಮೇಲೆ ತಲೆ ಎತ್ತಿದೆ. ಗೋಲ್‌ಕೀಪರ್ ಆ ಎಡ ಕಂಬದ ಹತ್ತಿರ ಬಿದ್ದಿದ್ದ. ನನ್ನೆದುರಿಗೆ ಇಡೀ ಗೋಲು ಖಾಲಿ. ನಡುವೆ ಒಬ್ಬನೂ ಇರಲಿಲ್ಲ. ಕಣ್ಣು ಮುಚ್ಚಿ ತಳ್ಳಿದ್ದರೂ ಸಾಕಿತ್ತು. ಆ ಕಡೆ ಅಡಿಲ್ಸನ್ ಹೆಗಲಿಗೆ ಒಬ್ಬ ಡಿಫೆಂಡರ್ ಅಂಟಿಕೊಂಡಿದ್ದ. ಅವನು ಚೆಂಡನ್ನು ಒಳಗೆಳೆದುಕೊಂಡ, ಡಿಫೆಂಡರ್‌ನನ್ನು ದಾಟಿದ, ಅಷ್ಟರಲ್ಲಿ ಎದ್ದು ಬಂದ ಗೋಲ್‌ಕೀಪರ್‌ನ ಕೈಗೆ ಸಿಗದಂತೆ ಮೇಲಿನ ಮೂಲೆಗೆ ಹೊಡೆದ. ಸುಳ್ಳು ಹೇಳಲಾರೆ, ಬಹಳ ಚಂದದ ಗೋಲು. ನನ್ನ ಜಾಗದಿಂದ ಅದು ಅಷ್ಟು ಚಂದವಾಗುತ್ತಿರಲಿಲ್ಲ.

ಮೈದಾನಕ್ಕೆ ಜನ ನುಗ್ಗಿದರು. ಅಡಿಲ್ಸನ್‌ನನ್ನು ಹೆಗಲ ಮೇಲೆ ಹೊತ್ತರು. ನಾನು ಪೆನಾಲ್ಟಿ ಗುರುತಿನ ಹತ್ತಿರವೇ ನಿಂತಿದ್ದೆ. ಕೂಗುವಾಗ ಅವನ ಮುಖ ಗೋಲಿನ ಕಡೆಗಿತ್ತು, ಅವನಿಗೆ ಎಲ್ಲ ಕಾಣುತ್ತಿತ್ತು. ಗೋಲ್‌ಕೀಪರ್ ಬಿದ್ದದ್ದು, ನನ್ನೆದುರು ಖಾಲಿ ಇದ್ದದ್ದು, ತನ್ನ ಹೆಗಲಿಗೆ ಆಳು ಬಂದದ್ದು. ಎಲ್ಲ ನೋಡಿಯೂ ಆ ಮಾತು ಕೂಗಿದ್ದ.

ವಾಪಸು ಬರುವಾಗ ಟೆಂಪೊದ ಹಿಂದಿನ ಸೀಟಿನಲ್ಲಿ ಅವನ ಪಕ್ಕ ಕೂತೆ. ಮುಂದಿನವರು ಹಾಡು ಹಾಕಿಕೊಂಡು ಕುಣಿಯುತ್ತಿದ್ದರು.

“ಯಾಕ ಬಿಡು ಅಂದಿ?” ಎಂದೆ.

ಅವನು ಫೋನು ತೆಗೆಯಲಿಲ್ಲ. ಕಿಟಕಿಯ ಹೊರಗೆ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು.

“ಬೇಕು” ಎಂದ. “ಸಂಜು, ಬೇಕು.”

ಅವ್ವ ರೊಟ್ಟಿ ಬಡಿಸುತ್ತ ಕಲಿಸಿದ ಮಾತು. ಇನ್ನೊಂದು ಕೇಳಿ ಪಡೆಯುವಾಗ ಅವನು ಹೇಳುತ್ತಿದ್ದ ಅದೇ ದನಿ. ನನಗೆ ಕೈ ಎತ್ತುವಷ್ಟು ರೋಷ ಬಂತು. ಎತ್ತಲಿಲ್ಲ. ಬೇರೆ ಯಾವ ಭಾಷೆಯಲ್ಲಿ ಕೂಗಿ ಮೋಸ ಮಾಡಿದ್ದರೂ ನಾನು ಬೀಳುತ್ತಿರಲಿಲ್ಲ. ಅವನು ನನ್ನನ್ನು ನನ್ನ ಮನೆಯ ಮಾತಿನಲ್ಲಿ ಕೆಡವಿದ.

ವಾರದೊಳಗೆ ಸುದ್ದಿ ಬಂತು. ಆ ಕ್ಲಬ್ಬಿನ ಪರದೇಶದ ಆಟಗಾರನೊಬ್ಬನ ಮೊಣಕಾಲು ಮುರಿದಿತ್ತು, ಅವನ ಜಾಗಕ್ಕೆ ಅಡಿಲ್ಸನ್ ಬೇಕಂತೆ. ನನ್ನ ವಿಷಯ ಏನಾಯಿತು ಎಂದು ಶಿಂದೆ ಸರ್ ಅವರನ್ನು ಕೇಳಿದೆ. ಮೊದಲು ಹೇಳಲು ಹಿಂಜರಿದರು. ಆಮೇಲೆ ಹೇಳಿಬಿಟ್ಟರು. “ಹುಡುಗ ಓಡುತ್ತಾನೆ, ಆದರೆ ಗೋಲಿನ ಮುಂದೆ ಗುಂಡಿಗೆ ಇಲ್ಲ, ಖಾಲಿ ಗೋಲು ಬಿಟ್ಟು ಚೆಂಡು ಇನ್ನೊಬ್ಬನಿಗೆ ದಾಟಿಸಿದ ಅಂದರು ಅವರು.” ನಾನು ನಡೆದದ್ದನ್ನೆಲ್ಲ ಹೇಳಿದೆ, ಮೂರು ಮಾತು, ಅದರ ಕಟ್ಟಳೆ, ಎಲ್ಲ. ಅವರ ಮುಖ ಕೆಂಪಾಯಿತು. “ಮೈದಾನದಲ್ಲಿ ಯಾರ ಮಾತು ಕೇಳಬೇಕಿತ್ತು ನೀನು? ನನ್ನದು. ನೀವಿಬ್ಬರೂ ಸೇರಿ ನನಗೇ ತಿಳಿಯದ ಭಾಷೆ ಮಾಡಿಕೊಂಡಿರಿ. ಈಗ ನನ್ನ ಮುಂದೆ ಬಂದು ಅಳಬೇಡ” ಎಂದರು. ಆ ಕ್ಲಬ್ಬಿಗೆ ಫೋನು ಮಾಡಿ ಹೇಳುತ್ತಾರೇನೋ ಎಂದು ಕೆಲವು ದಿನ ಕಾದೆ. ಮಾಡಲಿಲ್ಲ.

ಅಡಿಲ್ಸನ್ ಹೊರಡುವ ಮುನ್ನ ಮನೆಗೆ ಬಂದ. ಅವ್ವ ಡಬ್ಬಿ ತುಂಬ ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಳು. ನಾನು ಒಳಕೋಣೆಯಲ್ಲಿದ್ದೆ. “ಸಂಜ್ಯಾ, ಹೊರಗ ಬಾರೋ, ಅಡಿವೆಪ್ಪ ಹೊಂಟಾನ” ಎಂದು ಕೂಗಿದಳು. ಹೊರಗೆ ಬಂದೆ. ಅವನು ತಬ್ಬಿಕೊಂಡ. ನನ್ನ ಕೈ ಮೇಲೇಳಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಭಾಳ ಹಚ್ಚಿಕೊಂಡಾನ, ಅದಕ್ಕಽ ಮಾತ ಹೊಂಡವಲ್ದು” ಎಂದು ಅಪ್ಪನಿಗೆ ಹೇಳಿದಳು. ಅವಳಿಗೆ ನಿಜ ಹೇಳಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದಳು ಕೂಡ. ಆದರೆ ಆ ಚಳಿಗಾಲವಿಡೀ ಅವಳು ಅಷ್ಟು ಅಕ್ಕರೆಯಿಂದ ಬಡಿಸಿದ್ದಕ್ಕೆ ಏನರ್ಥ ಉಳಿಯುತ್ತಿತ್ತು? ನನ್ನೊಬ್ಬನ ಬಾಯಿ ಕಹಿಯಾದದ್ದು ಸಾಕು ಅನ್ನಿಸಿತು.

ಬೇಸಿಗೆಯಿಂದ ಅಂಗಡಿಗೆ ಹೋದೆ. ಅಪ್ಪ ಮಾತಿಗೆ ತಕ್ಕಂತೆ ನಡೆದುಕೊಂಡರು, ನಾನೂ ನಡೆದುಕೊಂಡೆ. ಆದರೆ ಆಯ್ಕೆದಾರರ ಮಾತು ಅದು ಹೇಗೋ ಅವರ ಕಿವಿಗೂ ಬಿದ್ದಿತ್ತು. ಗೋಲಿನ ಮುಂದೆ ಗುಂಡಿಗೆ ಇಲ್ಲ. ಅಪ್ಪ ಕೆಟ್ಟವರಲ್ಲ, ಆದರೆ ಅವರೊಳಗೆ ಅದು ಕೂತುಬಿಟ್ಟಿತು. ಯಾವನೋ ಗಿರಾಕಿ ಚೌಕಾಶಿ ಮಾಡಿ ಎದ್ದು ಹೋದರೆ, ಪಕ್ಕದ ಅಂಗಡಿ ಕೊಳ್ಳುವ ಅವಕಾಶ ತಪ್ಪಿದರೆ, ನನ್ನ ಕಡೆ ನೋಡದೆ ಹೇಳುತ್ತಿದ್ದರು. “ಇವಾ ಮುಂದ ಬಂದದ್ದ ಬಿಡಾಂವ.” ವರ್ಷಗಟ್ಟಲೆ ಕೇಳಿದ್ದೇನೆ. ಶೈಲಾಳ ಎದುರಿಗೂ ಕೇಳಿದ್ದೇನೆ.

ಅತ್ತ ಅವನು ಏರುತ್ತಾ ಹೋದ. ಆ ಕ್ಲಬ್ಬಿನಲ್ಲಿ ಮೊದಲ ಹಂಗಾಮಿನಲ್ಲೇ ಹೆಸರು ಮಾಡಿದ. ಅಲ್ಲಿಂದ ಪೂರ್ವದ ಒಂದು ಶ್ರೀಮಂತ ದೇಶದ ಕ್ಲಬ್ಬಿಗೆ ಹೋದ, ಅಲ್ಲಿ ವರ್ಷಗಟ್ಟಲೆ ಆಡಿ ಆ ದೇಶದ ಪೌರನಾದ, ಕೊನೆಗೆ ಅವರ ರಾಷ್ಟ್ರೀಯ ತಂಡದ ಅಂಗಿ ತೊಟ್ಟ. ಟಿವಿಯಲ್ಲಿ ಆ ದೇಶದ ರಾಷ್ಟ್ರಗೀತೆಗೆ ಅವನ ತುಟಿ ತಪ್ಪದೆ ಆಡುತ್ತಿತ್ತು. ಇನ್ನೊಬ್ಬರ ಮಾತು ಕಲಿಯುವುದರಲ್ಲಿ ಅವನು ಮೊದಲಿಂದಲೂ ಚುರುಕು. ನಮ್ಮ ದೇಶದ ಮೇಲೆ ಆಡಿದ ದಿನ ಅವ್ವ ಇಕ್ಕಟ್ಟಿಗೆ ಸಿಕ್ಕಳು. “ಗೆಲ್ಲೂದು ನಮ್ಮವ್ರ ಗೆಲ್ಲಲಿ, ಗೋಲ್ ಒಂದ ನಮ್ಮ ಅಡಿವೆಪ್ಪ ಹೊಡೀಲಿ” ಎಂದಳು. ನಾನು ಎದ್ದು ಬಾಲ್ಕನಿಗೆ ಹೋದೆ.

ಕಳೆದ ತಿಂಗಳು ನಾನು ಬಾರಾಮತಿಯಿಂದ ಬಂದ ಕೆಲವೇ ದಿನಕ್ಕೆ ಅವ್ವನ ಫೋನಿಗೆ ಅವನ ಸಂದೇಶ ಬಂತು, ಮೊದಲಿನ ಹಾಗೇ ಅನುವಾದ ಮಾಡಿದ್ದು. ಕೋಥರೂಡದಲ್ಲಿ ಮಕ್ಕಳಿಗಾಗಿ ಹೊಸ ಫುಟ್‌ಬಾಲ್ ಶಾಲೆ ತೆರೆಯುತ್ತಿದ್ದಾರೆ, ಉದ್ಘಾಟನೆಗೆ ನಾನೇ ಬರುತ್ತಿದ್ದೇನೆ, ನೀವೆಲ್ಲ ಬರಬೇಕು. ಅಪ್ಪನಿಗೆ ಈಗ ಮಂಡಿನೋವು, ಮನೆಯಲ್ಲೇ ಉಳಿದರು. ನಾನು ಒಲ್ಲೆನೆಂದೆ. ಅವ್ವ ಕೇಳಬೇಕಲ್ಲ. ಕಳೆದ ಭಾನುವಾರ ಅವಳನ್ನೂ ಶೈಲಾಳನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತೆ.

ಸೂಟು ಹಾಕಿದ್ದ. ಕೂದಲು ಹಿಂದೆ ಸರಿದಿತ್ತು. ಇಂಗ್ಲಿಷ್ ಚೆನ್ನಾಗಿ ಕಲಿತಿದ್ದ, ಪಕ್ಕದಲ್ಲಿ ನಿಂತವನೊಬ್ಬ ಅದನ್ನು ಮರಾಠಿ ಮಾಡುತ್ತಿದ್ದ. ಪುಣೆಯ ಚಳಿ, ಗಟ್ಟಿ ನೆಲ, ರೊಟ್ಟಿ ಎಲ್ಲ ಹೇಳಿದ. ಆಮೇಲೆ ದನಿ ಇಳಿಸಿ ಬಾರಾಮತಿಗೆ ಬಂದ. ನನ್ನ ವೀಸಾ ಮುಗಿಯುತ್ತಿತ್ತು, ಮನೆಗೆ ಬರಿಗೈಯಲ್ಲಿ ಹೋಗಬೇಕಾಗಿತ್ತು ಎಂದ. ಚೆಂಡು ನನ್ನ ಅಣ್ಣನ ಕಾಲಿಗೆ ಬಂದಿತ್ತು, ಎದುರಿಗೆ ಗೋಲು ಖಾಲಿ ಇತ್ತು, ಅವನಿಗೂ ಆ ದಿನ ಅಷ್ಟೇ ಮುಖ್ಯವಾಗಿತ್ತು ಎಂದ. ಆದರೂ ಅವನು ನನಗಾಗಿ ಬಿಟ್ಟುಕೊಟ್ಟ ಎಂದ. ನನ್ನ ಕಡೆ ಕೈ ತೋರಿಸಿ, “ಸಂಜು” ಎಂದ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನ ಮುಖವನ್ನೇ ದಿಟ್ಟಿಸಿ ನೋಡಿದೆ. ಅದರಲ್ಲಿ ಸುಳ್ಳು ಇರಲಿಲ್ಲ. ಹೇಳಿ ಹೇಳಿ ಅವನೇ ನಂಬಿಬಿಟ್ಟಿದ್ದ. ಕದ್ದು ಒಯ್ದದ್ದನ್ನು ನಾನು ಕೈಯಾರೆ ಕೊಟ್ಟದ್ದು ಎಂದು ಇಟ್ಟುಕೊಂಡು, ಅದನ್ನೇ ನೆನೆದು ಕಣ್ಣೀರು ಹಾಕುತ್ತಿದ್ದ. ಗೋಲು ಹೋದರೂ ನನಗೆ ಅನ್ಯಾಯವಾಗಿದೆ ಎಂಬುದೊಂದು ಇಷ್ಟು ವರ್ಷ ನನ್ನದಾಗಿ ಉಳಿದಿತ್ತು. ಈಗ ಅದನ್ನೂ ತೆಗೆದುಕೊಂಡ.

ವೇದಿಕೆಗೆ ಕರೆದು ಶಾಲು ಹೊದಿಸಿದರು. ಅಡಿಲ್ಸನ್ ತಬ್ಬಿಕೊಂಡ. ಅವನ ಕಿವಿಯಲ್ಲಿ ಹೇಳಿದೆ.

“ನಾ ಬಿಟ್ಟಿದ್ದಲ್ಲ. ನೀ ಬಿಡಿಸಿದಿ.”

ಅವನು ಹಿಂದೆ ಸರಿದು ನನ್ನನ್ನು ನೋಡಿದ. ನಾನು ಕಾದೆ. “ಹೌದು, ಹೌದು, ಬಿಡು” ಎಂದು ನಕ್ಕ. ನಮ್ಮ ಮಾತಿನಲ್ಲಿ ಅಷ್ಟು ಮಾತ್ರ ಅವನಲ್ಲಿ ಉಳಿದಿತ್ತು. ಫೋಟೋದವರು ಇನ್ನೊಮ್ಮೆ ಎಂದರು, ಇನ್ನೊಮ್ಮೆ ತಬ್ಬಿಕೊಂಡ.

ಕೆಳಗಿಳಿದಾಗ ಅವ್ವ ನನ್ನ ಕೈ ಹಿಡಿದುಕೊಂಡು, “ಇಷ್ಟ ವರ್ಷ ಒಂದ ಮಾತ ಹೇಳ್ಲಿಲ್ಲಲ್ಲೋ” ಎಂದು ಅತ್ತಳು. ಶೈಲಾ ನನ್ನನ್ನು ಹೊಸದಾಗಿ ನೋಡುವಂತೆ ನೋಡುತ್ತಿದ್ದಳು. ಕಾರಿನ ತನಕ ಹೋಗುವಷ್ಟು ಸಮಾಧಾನ ಅವ್ವನಿಗಿರಲಿಲ್ಲ, ಗೇಟಿನ ಬಳಿಯೇ ನಿಂತು ಅಪ್ಪನಿಗೆ ಫೋನು ಹಚ್ಚಿದಳು. “ಕೇಳ್ರಿಲ್ಲೆ. ನಮ್ಮ ಸಂಜ್ಯಾ ಅವತ್ತ ಹೆದರಿರಲಿಲ್ರಿ. ಆ ಹುಡುಗನ ಸಂಬಂಧ ತಾನಽ ಬಿಟ್ಟುಕೊಟ್ಟಾನ. ಅವಾನಽ ಎಲ್ಲಾರ ಮುಂದ ಹೇಳಿದ.” ಆಮೇಲೆ ಅವ್ವ ಫೋನನ್ನು ನನ್ನ ಕೈಗೆ ಕೊಟ್ಟಳು.

“ಸಂಜ್ಯಾ” ಎಂದರು ಅಪ್ಪ. ಅವರ ದನಿ ಅಷ್ಟು ಮೆತ್ತಗಾದದ್ದು ನಾನು ಕೇಳಿರಲಿಲ್ಲ. “ಖರೇನೋ?”

ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು.

“ಹೌದಪ್ಪ” ಎಂದೆ.